ಹಿನ್ನೀರಿನ ಕಂದು ಬಾತು: ಟಫ್ಟೆಡ್ ಡಕ್ಕೋ, ಫೆರುಜಿನಸ್ ಡಕ್ಕೋ?

ಪ್ರಶ್ನೆ (ಬಾಗಲಕೋಟೆ):
ಜನವರಿಯ ಒಂದು ಮುಂಜಾನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗು ಬಾತುಗಳ ಗುಂಪೊಂದನ್ನು ಕಂಡೆ. ಕಪ್ಪು-ಬಿಳುಪಿನ ಗಂಡುಗಳು ಟಫ್ಟೆಡ್ ಡಕ್ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜೊತೆಗಿದ್ದ ಕಂದು ಹಕ್ಕಿಯೊಂದರ ಬಾಲದಡಿ ಬಿಳಿಯಾಗಿತ್ತು. ಅದನ್ನು ಫೆರುಜಿನಸ್ ಡಕ್ ಎಂದು ಬರೆದುಕೊಳ್ಳಬಹುದೇ?

ಉತ್ತರ 1 (ಬೆಳಗಾವಿ):
ಅವಸರ ಬೇಡ. ಟಫ್ಟೆಡ್ ಹೆಣ್ಣುಗಳಲ್ಲಿಯೂ ಕೆಲವಕ್ಕೆ ಬಾಲದಡಿ ಬಿಳುಪಿರುವುದರಿಂದ, ಆ ಒಂದೇ ಗುರುತನ್ನು ನಂಬಿದರೆ ಮೋಸಹೋಗುತ್ತೇವೆ; ನಾನೂ ಹೋಗಿದ್ದೇನೆ. ಮೊದಲು ಕಣ್ಣು ನೋಡಿರಿ. ಟಫ್ಟೆಡ್ ಹೆಣ್ಣಿನ ಕಣ್ಣು ಹಳದಿ. ಫೆರುಜಿನಸ್‌ನಲ್ಲಿ ಹೆಣ್ಣಿನದು ಕಡುಗಂದು, ಗಂಡಿನದು ಬಿಳಿ. ತಲೆಯ ಆಕಾರವೂ ಮುಖ್ಯವಾದುದು: ಫೆರುಜಿನಸ್‌ನ ನೆತ್ತಿ ನಡುವೆ ಎತ್ತರವಾಗಿ ಎದ್ದಿರುತ್ತದೆ, ಟಫ್ಟೆಡ್ ಹೆಣ್ಣಿಗೆ ಹಿಂದಲೆಯಲ್ಲಿ ಮೋಟು ಜುಟ್ಟು ಇರುತ್ತದೆ.

ಉತ್ತರ 2 (ವಿಜಯಪುರ):
ಕಣ್ಣು ಕಾಣದಷ್ಟು ದೂರವಿದ್ದರೆ ಹಾರುವವರೆಗೆ ಕಾಯಿರಿ. ಎರಡಕ್ಕೂ ರೆಕ್ಕೆಯಲ್ಲಿ ಬಿಳಿ ಪಟ್ಟೆಯುಂಟು, ಆದರೆ ಫೆರುಜಿನಸ್‌ನದು ಹೆಚ್ಚು ಅಗಲವಾಗಿ, ರೆಕ್ಕೆಯ ತುದಿಯವರೆಗೂ ಬೆಳ್ಳಗೆ ಚಾಚಿರುತ್ತದೆ. ಪಟ್ಟೆ ಬೂದು ಬಣ್ಣದ್ದಾದರೆ ಅದು ಕಾಮನ್ ಪೋಚಾರ್ಡ್.

ಪ್ರಶ್ನೆ ಕೇಳಿದವರು:
ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕಣ್ಣು ಸ್ಪಷ್ಟವಾಗಿ ಹಳದಿ, ಹಿಂದಲೆಯಲ್ಲಿ ಚಿಕ್ಕ ಜುಟ್ಟೂ ಇದೆ. ಟಫ್ಟೆಡ್ ಹೆಣ್ಣೆಂದೇ ತಿದ್ದಿಕೊಂಡಿದ್ದೇನೆ.