ಹ್ಯಾಲೋವೀನ್‌ಗೆ ಪ್ಲಾಸ್ಟಿಕ್ ಇಲ್ಲದ ಅಲಂಕಾರ, ಮನೆಯಲ್ಲೇ ಮಾಡಿದ ತಿಂಡಿ: ಐಡಿಯಾ ಕೊಡುತ್ತೀರಾ?

ಚಿಗುರು:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮಗನ ಕ್ಲಾಸಿನ ಕೆಲವು ಮಕ್ಕಳನ್ನು ಮನೆಗೆ ಕರೆದಿದ್ದೇವೆ. ನಾವಿರುವುದು ಅಮೆರಿಕದಲ್ಲಿ, ಅಂಗಡಿಗಳಲ್ಲಿ ಆಗಲೇ ಸಾಮಾನು ಬಂದಿದೆ. ಹೋಗಿ ನೋಡಿದರೆ ಅಸ್ಥಿಪಂಜರದಿಂದ ಹಿಡಿದು ಜೇಡದವರೆಗೆ ಬರೀ ಪ್ಲಾಸ್ಟಿಕ್. ಒಂದು ರಾತ್ರಿಗೆ ಅಂತ ತಂದು ಮಾರನೇ ದಿನ ಕಸಕ್ಕೆ ಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಮಗನಿಗೆ ಮಾತ್ರ ದೆವ್ವ, ಬಾವಲಿ, ಜೇಡರ ಬಲೆ ಮೂರೂ ಬೇಕೇ ಬೇಕಂತೆ! ಮನೆಯಲ್ಲಿ ಮೊಟ್ಟೆ ಟ್ರೇ, ಹಳೇ ಬೆಡ್‌ಶೀಟ್, ಖಾಲಿ ಬಾಟಲಿಗಳು ಇವೆ. ಇವುಗಳಲ್ಲಿ ಏನು ಮಾಡಬಹುದು? ತಿನ್ನಲು ಏನು ಕೊಡಲಿ? ಆ ರಾತ್ರಿ ವೇಷ ಹಾಕಿಕೊಂಡು ತಿಂಡಿ ಕೇಳುತ್ತಾ ಬಾಗಿಲು ತಟ್ಟುವ ಮಕ್ಕಳಿಗೂ ಮನೆಯಲ್ಲೇ ಮಾಡಿದ್ದು ಕೊಟ್ಟರೆ ನಡೆಯುತ್ತದಾ? ಬರುವವರಲ್ಲಿ ಒಬ್ಬನಿಗೆ ಕಡಲೆಕಾಯಿ ಅಲರ್ಜಿ ಇದೆ.

ಕತ್ತರಿ-ಕಾಗದ:
ಮೊಟ್ಟೆ ಟ್ರೇ ಇದೆ ಅಂದಿರಲ್ಲ, ಬಾವಲಿಯ ಚಿಂತೆ ಬಿಡಿ. ರಟ್ಟಿನಂಥ ಟ್ರೇಯಲ್ಲಿ ಸಾಲಾಗಿರುವ ಮೂರು ಗುಳಿಗಳನ್ನು ಒಟ್ಟಿಗೆ ಕತ್ತರಿಸಿ ಬೋರಲು ಹಾಕಿ. ನಡುವಿನದು ಮೈ. ಅಕ್ಕಪಕ್ಕದವು ರೆಕ್ಕೆ, ಅವುಗಳ ಕೆಳ ಅಂಚನ್ನು ಎರಡು ಕಮಾನಿನ ಹಾಗೆ ಕತ್ತರಿಸಿ. ಕಪ್ಪು ಪೋಸ್ಟರ್ ಬಣ್ಣ ಬಳಿದು, ಮೈಯ ನೆತ್ತಿಯಲ್ಲಿ ತೂತು ಮಾಡಿ ದಾರ ಪೋಣಿಸಿ ನೇತುಹಾಕಿ. ತುಂಬಾ ಹಗುರ, ಯಾರಾದರೂ ಪಕ್ಕದಲ್ಲಿ ನಡೆದು ಹೋದರೂ ತೂಗುತ್ತವೆ. ಮಿನುಗುಪುಡಿ ಮಾತ್ರ ಬೇಡ ರೀ. ಅದು ಪುಡಿ ಪ್ಲಾಸ್ಟಿಕ್ಕೇ, ಗುಡಿಸಿದರೂ ಹೋಗಲ್ಲ.

ನನಗೆ ಅತ್ಯಂತ ಇಷ್ಟದ್ದು ದೆವ್ವ. ಬಟ್ಟೆಗೆ ಗಂಜಿ ಹಾಕುವುದು ಗೊತ್ತಲ್ವಾ, ಅದೇ ಕೆಲಸ, ಗಂಜಿ ಸ್ವಲ್ಪ ದಪ್ಪ ಇರಬೇಕು ಅಷ್ಟೇ. ಎರಡು ದೊಡ್ಡ ಚಮಚ ಕಾರ್ನ್‌ಸ್ಟಾರ್ಚನ್ನು ತಣ್ಣೀರಲ್ಲಿ ಕದಡಿ, ಒಂದು ಕಪ್ ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗುವವರೆಗೆ ತಿರುವಿ. ಕೈ ತಡೆಯುವಷ್ಟು ಆರಲಿ. ಬೆಡ್‌ಶೀಟಿನ ಸವೆದು ತೆಳ್ಳಗಾದ ಭಾಗದಿಂದ ಒಂದು ಚೌಕ ಕತ್ತರಿಸಿ ಅದರಲ್ಲಿ ಅದ್ದಿ, ಹಿಂಡಿ. ಬಾಟಲಿಯ ಬಾಯಿ ಮೇಲೆ ಪೇಪರ್ ಉಂಡೆ ಕೂರಿಸಿ, ಅದರ ಮೇಲೆ ಬಟ್ಟೆ ಹೊದಿಸಿ. ಕೆಳಗಿನ ಅಂಚನ್ನು ಮೇಜಿನ ಮೇಲೆ ಚೆನ್ನಾಗಿ ಹರಡಬೇಕು, ದೆವ್ವ ನಿಲ್ಲುವುದು ಆ ಅಂಚಿನ ಮೇಲೇ. ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಬಾಟಲಿ, ಉಂಡೆ ಎರಡನ್ನೂ ತೆಗೆದರೆ ಒಳಗೆ ಏನೂ ಇಲ್ಲದೆ ದೆವ್ವ ತಾನೇ ನಿಂತಿರುತ್ತದೆ! ಕಣ್ಣಿಗೆ ಕಪ್ಪು ಕಾಗದ ಅಂಟಿಸಿ. ಹಬ್ಬ ಮುಗಿದ ಮೇಲೆ ಬಿಸಿನೀರಲ್ಲಿ ನೆನೆಸಿದರೆ ಗಂಜಿ ಬಿಡುತ್ತದೆ, ಒರೆಸುವ ಬಟ್ಟೆ ಆಯಿತು.

ಬಲೆಯ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಪ್ಯಾಕೆಟ್‌ನಲ್ಲಿ ಸಿಗುವ, ಎಳೆದು ಹರಡುವ ಬಿಳಿ ಬಲೆಯನ್ನು ಗಿಡಗಳ ಮೇಲೆ ಹಾಕಲೇಬೇಡಿ. ಅದು ಪಾಲಿಯೆಸ್ಟರ್ ಎಳೆ. ಸಣ್ಣ ಹಕ್ಕಿಗಳು, ನಿಜವಾದ ಬಾವಲಿಗಳು ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೂರು ಒಣ ಕಡ್ಡಿಗಳನ್ನು ನಕ್ಷತ್ರದ ಹಾಗೆ ನಡುವೆ ಕಟ್ಟಿ, ದಪ್ಪ ಹತ್ತಿ ನೂಲನ್ನು ಪ್ರತಿ ಕಡ್ಡಿಗೂ ಒಂದು ಸುತ್ತು ಹಾಕುತ್ತಾ ಹೊರಗೆ ಬನ್ನಿ. ಮಗನೇ ಸುತ್ತಲಿ. ಮನೆಯೊಳಗೆ ಗೋಡೆಗೆ ಹಾಕಿದರೆ ಯಾವ ಜೀವಕ್ಕೂ ತೊಂದರೆ ಇಲ್ಲ.

ಈ ಹಬ್ಬಕ್ಕೆ ಮುಖ ಕೊರೆದು ಒಳಗೆ ದೀಪ ಇಡುವ ಕುಂಬಳಕಾಯಿ ಬಗ್ಗೆ ನನ್ನದು ಒಂದೇ ಮಾತು: ಆದಷ್ಟು ಕೊರೆಯಬೇಡಿ. ಇಡೀ ಕಾಯಿ ತಂಪಾದ ಒಣ ಜಾಗದಲ್ಲಿ ವಾರಗಟ್ಟಲೆ ಇರುತ್ತದೆ, ಕೊರೆದದ್ದು ಒಂದು ವಾರದೊಳಗೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಒಳಗೆ ಮೇಣದ ಬತ್ತಿ ಇಟ್ಟರೆ ಶಾಖಕ್ಕೆ ಇನ್ನೂ ಬೇಗ. ಕಪ್ಪು ಕಾಗದದಲ್ಲಿ ಕಣ್ಣು, ಬಾಯಿ ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸಿ. ನವೆಂಬರ್‌ನಲ್ಲಿ ತೊಳೆದು ಅಡುಗೆಗೆ ತೆಗೆದುಕೊಳ್ಳಬಹುದು. ಮಗ ಹಠ ಹಿಡಿದರೆ ಒಂದನ್ನು 30ನೇ ತಾರೀಖು ಕೊರೆದು, ರೀಚಾರ್ಜ್ ಆಗುವ ಎಲ್‌ಇಡಿ ದೀಪ ಇಡಿ. ಕೆಡದಿರಲಿ ಅಂತ ಬ್ಲೀಚ್‌ನಲ್ಲಿ ಅದ್ದುವವರಿದ್ದಾರೆ. ಅಳಿಲುಗಳು ಬಂದು ಆ ಕಾಯಿ ಕಚ್ಚಿದರೆ ಅವಕ್ಕೆ ಅಪಾಯ, ಬೇಡ. ಹಬ್ಬವಾದ ಮೇಲೆ ಅದು ಕಾಂಪೋಸ್ಟ್‌ಗೆ ಹೋಗಲಿ. ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ.

ಅಂದಹಾಗೆ, ಐರ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ಹಿಂದೆ ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆ. ಅಲ್ಲಿಂದ ವಲಸೆ ಬಂದವರು ಅಮೆರಿಕದಲ್ಲಿ ಕುಂಬಳಕಾಯಿ ಹಿಡಿದರು. ಹಾಗಾಗಿ ದೊಡ್ಡ ಕಾಯಿಯೇ ಬೇಕು ಅಂತೇನಿಲ್ಲ. ಕಿತ್ತಳೆ ಬಣ್ಣದ ದಪ್ಪ ಮೆಣಸಿನಕಾಯಿಗೆ ಮುಖ ಕೊರೆದು, ಒಳಗೆ ಅನ್ನ ತುಂಬಿ ಬೇಯಿಸಿದರೆ ಅಲಂಕಾರವೂ ಆಯಿತು, ಊಟವೂ ಆಯಿತು.

ಬೆಳ್ಳಿಮೋಡ:
ತಿಂಡಿ ಬಗ್ಗೆ ನಾನು ಹೇಳುತ್ತೇನೆ. ಬಾಗಿಲಿಗೆ ಬರುವ ಮಕ್ಕಳಿಗೆ ಮನೆಯಲ್ಲಿ ಮಾಡಿದ್ದು ಬೇಡ. ಗುರುತಿಲ್ಲದವರು ಕೊಟ್ಟ, ಪ್ಯಾಕ್ ಇಲ್ಲದ ತಿಂಡಿಯನ್ನು ಇಲ್ಲಿನ ತಂದೆತಾಯಿ ಎಸೆದುಬಿಡುತ್ತಾರೆ. ಎಸೆಯುವುದಕ್ಕೆ ಯಾಕೆ ಮಾಡಬೇಕು? ಪುಟ್ಟ ಕಾಗದದ ಡಬ್ಬಿಯಲ್ಲಿ ಬರುವ ಒಣದ್ರಾಕ್ಷಿ, ಮರದ ಪೆನ್ಸಿಲ್, ಹೂವಿನ ಬೀಜದ ಪೊಟ್ಟಣ ಕೊಡಿ. ತಿಂಡಿಯಲ್ಲದ ಉಡುಗೊರೆ ಇದ್ದರೆ ಬಾಗಿಲಲ್ಲಿ ಹಸಿರು ಮಿಶ್ರಿತ ನೀಲಿ ಬಣ್ಣದ ಕುಂಬಳಕಾಯಿ ಇಡುತ್ತಾರೆ. ‘ಫೇರ್’ ಎಂಬ ಆಹಾರ ಅಲರ್ಜಿ ಸಂಸ್ಥೆ 2014ರಲ್ಲಿ ಇದನ್ನು ‘ಟೀಲ್ ಪಂಪ್‌ಕಿನ್ ಪ್ರಾಜೆಕ್ಟ್’ ಅಂತ ದೇಶಕ್ಕೆಲ್ಲ ಹಬ್ಬಿಸಿತು. ಅಲರ್ಜಿ ಇರುವ ಮಕ್ಕಳು ಅದನ್ನು ನೋಡಿ ಧೈರ್ಯವಾಗಿ ಬರುತ್ತಾರೆ. ಕಾಯಿಗೇ ಬಣ್ಣ ಬಳಿಯಬೇಡಿ, ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚಿದರೆ ಮುಂದಿನ ವರ್ಷಕ್ಕೂ ಬರುತ್ತದೆ.

ಮನೆಗೆ ಬರುವ ಮಕ್ಕಳಿಗೆ ಮಾತ್ರ ಧಾರಾಳವಾಗಿ ಮಾಡಿ. ಸುಲಿದ ಕಿತ್ತಳೆಯ ನೆತ್ತಿಗೆ ಸೆಲರಿ ದಂಟಿನ ಚೂರು ಸಿಕ್ಕಿಸಿದರೆ ಪುಟ್ಟ ಕುಂಬಳಕಾಯಿ. ಅರ್ಧ ಬಾಳೆಹಣ್ಣಿಗೆ ಎರಡು ಚಾಕೊಲೇಟ್ ಚೂರು ಒತ್ತಿದರೆ ದೆವ್ವ. ಚಾಕೊಲೇಟ್ ಪೊಟ್ಟಣದ ಮೇಲೆ ಕಡಲೆಕಾಯಿ ಎಚ್ಚರಿಕೆ ಇದೆಯಾ ಅಂತ ಓದಿಯೇ ತನ್ನಿ, ಆ ಹುಡುಗನ ಅಮ್ಮನಿಗೂ ಒಂದು ಮಾತು ಕೇಳಿ. ತಮ್ಮ ತಂಗಿಯರೂ ಬರುವುದಾದರೆ ನಾಲ್ಕು ವರ್ಷದೊಳಗಿನವರಿಗೆ ಪಾಪ್‌ಕಾರ್ನ್ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊರೆದ ಕಾಯಿಯ ಬೀಜ ಎಸೆಯಬೇಡಿ. ನಾರು ತೊಳೆದು, ಉಪ್ಪು ನೀರಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆ ಮೇಲೆ ಚೆನ್ನಾಗಿ ಆರಿಸಿ. ಸ್ವಲ್ಪ ಎಣ್ಣೆ ಸವರಿ ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ 15–20 ನಿಮಿಷ ಇಡಿ, ನಡುವೆ ಒಮ್ಮೆ ಕೈಯಾಡಿಸಿ. ಗರಿಗರಿಯಾಗಿ, ಸಿಪ್ಪೆ ಸಮೇತ ತಿನ್ನುವ ಹಾಗೆ ಆಗುತ್ತದೆ. ಪುಟಾಣಿಗಳಿಗೆ ಇದೂ ಬೇಡ.

ಚಿಗುರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಗಂಜಿ ದೆವ್ವ ಓದಿ ಮಗ ಈಗಲೇ ಬಾಟಲಿ ಸಾಲಾಗಿ ಜೋಡಿಸಿದ್ದಾನೆ. ಒಂದು ಅನುಮಾನ: ದೆವ್ವಗಳನ್ನು ಹೊರಗೆ ಮೆಟ್ಟಿಲ ಮೇಲೆ ಇಡಬಹುದಾ?

ಕತ್ತರಿ-ಕಾಗದ:
ಸೂರಿನ ಅಡಿಯಲ್ಲಿ ಆದರೆ ಇಡಿ. ಮಳೆಯೋ ಇಬ್ಬನಿಯೋ ತಗುಲಿದರೆ ಗಂಜಿ ಸಡಿಲವಾಗಿ ಕುಸಿಯುತ್ತದೆ. ಗಾಳಿಗೆ ಹಾರದ ಹಾಗೆ ಅಂಚಿನ ಮೇಲೆ ಒಳಗಡೆಯಿಂದ ಒಂದೆರಡು ಕಲ್ಲು ಇಡಿ. ಪಕ್ಕದಲ್ಲಿ ಬೆಂಕಿ ಇರುವ ದೀಪ ಮಾತ್ರ ಬೇಡ, ಬಟ್ಟೆ ಒಣಗಿರುತ್ತದೆ.