ಪುಟ್ಟಿ, ಮಾರೋ ಮಾತು ಆಮೇಲೆ

ಪುಟ್ಟಿ, ನಿನ್ನ ಮೆಸೇಜ್ ರಾತ್ರಿನೇ ನೋಡಿದೆ. "ಮೋಟಾರ್ ರಿಪೇರಿ ಮುಗೀತು ಅನ್ನೋಷ್ಟರಲ್ಲಿ ಸೀಲಿಂಗ್ ಸೋರಕ್ಕೆ ಶುರು, ಈ ಮನೆ ನನ್ನನ್ನ ತಿಂದಾಕ್ತಿದೆ ಅಕ್ಕ, ಮಾರಿಬಿಡೋಣ ಅನ್ಸುತ್ತೆ" ಅಂತ ಬರ್ದಿದ್ದೀಯಲ್ಲ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡೇ ಕಳಿಸ್ತಿದ್ದೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡೇ ಕೇಳು. ನಾನೂ ಗೀಸರ್‌ನೋರಿಗೆ ಕಾಯ್ತಾ ಕೂತಿದ್ದೀನಿ. ಹತ್ತಕ್ಕೆ ಬರ್ತೀನಿ ಅಂದಿದ್ರು, ಈಗ ಹನ್ನೆರಡೂವರೆ.

ಮೊದಲು ಆ ಸೀಲಿಂಗ್ ವಿಷಯ. ಯಾರನ್ನೂ ಕರೆಸೋ ಮುಂಚೆ ಒಂದು ಪೆನ್ಸಿಲ್ ತಗೊಂಡು ಸ್ಟೂಲ್ ಹತ್ತು. ಕಲೆಯ ಅಂಚಿಗೆ ಸರಿಯಾಗಿ ಸುತ್ತಲೂ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರಿ. ಮುಂದಿನ ಮಳೆ ಆದ್ಮೇಲೆ ಕಲೆ ಗೆರೆ ದಾಟಿದ್ರೆ ನೀರು ಇನ್ನೂ ಇಳೀತಿದೆ ಅಂತ. ದಾಟದೆ ಹಾಗೇ ಒಣಗಿದ್ರೆ ಹಳೇ ಕಲೆ ಇರಬಹುದು, ಇನ್ನೊಂದೆರಡು ಮಳೆ ನೋಡು. ಮಳೆನೇ ಇಲ್ದೆ ಬೆಳೀತಿದ್ರೆ ಮಾತ್ರ ಮೇಲಿನ ಪೈಪ್ ಮೇಲೆ ಅನುಮಾನ ಪಡು. ನಮ್ಮನೇಲಿ ಹೀಗೆ ಗೆರೆ ಎಳೆದು ಟೆರೇಸಿಗೆ ಹೋಗಿ ನೋಡ್ತೀನಿ, ನೀರು ಹೋಗೋ ತೂತಿನ ಬಾಯಲ್ಲಿ ಎಲೆ, ಮಣ್ಣು, ಪಾರಿವಾಳದ ಪುಕ್ಕ ಎಲ್ಲಾ ಸೇರಿ ಒಂದು ಉಂಡೆ. ಮಣಿಕಟ್ಟಿನವರೆಗೂ ಕೈ ಹಾಕಿ ಎಳೆದೆ ನೋಡು, ನಿಂತಿದ್ದ ನೀರೆಲ್ಲ ಗೊಳ್ ಅಂತ ಇಳೀತು. ಅದಕ್ಕೂ ಮುಂಚೆ ಬಂದೋರೊಬ್ಬರು ಇಡೀ ಟೆರೇಸ್ ಅಗೆದು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸ್ಬೇಕು ಅಂದಿದ್ರು! ಉಗುರಲ್ಲಿ ಹೋಗೋದಕ್ಕೆ ಕೊಡಲಿ ಅನ್ನೋದು ಇದಕ್ಕೇ. ಹಾಗಂತ ನಿಂದೂ ಅಷ್ಟೇ ಅಂತ ನಾನು ಹೇಳಲ್ಲ. ಬಿರುಕೇ ಬಿಟ್ಟಿದ್ರೆ ಸುಮ್ಮನಿರಬೇಡ. ನೀರು ಒಳಗಿನ ಕಂಬಿಗೆ ತಾಗಿದ್ರೆ ತುಕ್ಕು ಹಿಡಿಯುತ್ತೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ಳುತ್ತೆ, ಒಳಗಿಂದಾನೇ ಕಾಂಕ್ರೀಟನ್ನ ತಳ್ಳಿ ಚಕ್ಕೆ ಚಕ್ಕೆ ಉದುರಿಸುತ್ತೆ.

ನನ್ನ ಲೆಕ್ಕದಲ್ಲಿ ನೀರು, ಕರೆಂಟು, ತುಕ್ಕು, ಈ ಮೂರು ಕಾಯಲ್ಲ. ಒಳಗೋಡೆ ಬಣ್ಣ, ಕಪಾಟಿನ ಹಿಡಿಕೆ, ಟೈಲ್ಸ್ ಅಂಚು ಎಷ್ಟು ವರ್ಷ ಬೇಕಾದ್ರೂ ಕಾಯುತ್ತೆ, ನೆಂಟರು ಏನಂದ್ರೂ ಸರಿ. ಗೇಟಿನ ಬಣ್ಣ ಮಾತ್ರ ಅಂದಕ್ಕಲ್ಲ, ತುಕ್ಕಿಗೆ. ಆ ಐಫೆಲ್ ಗೋಪುರ 1889ರಿಂದ ನಿಂತಿದೆಯಲ್ಲ, ಅದಕ್ಕೂ ಸುಮಾರು 7 ವರ್ಷಕ್ಕೊಮ್ಮೆ ಜನ ಹತ್ತಿ ಬ್ರಷ್ ಹಿಡಿದು 60 ಟನ್ ಬಣ್ಣ ಬಳೀತಾರೆ. ನಮ್ದು ಒಂದು ಗೇಟು, ನಾಲ್ಕು ಕಿಟಕಿ ಸರಳು ತಾನೆ.

ಇನ್ನು ದುಡ್ಡು. ಮನೆ ಬೆಲೆಯ ನೂರಕ್ಕೆ ಒಂದು ಭಾಗ ಪ್ರತಿವರ್ಷ ರಿಪೇರಿಗೆ ಎತ್ತಿಡಿ ಅಂತಾರೆ. ಜಾಗದ ಬೆಲೆನೂ ಸೇರಿಸಿ ಲೆಕ್ಕ ಹಾಕಿದ್ರೆ ಎದೆ ಧಸಕ್ ಅನ್ನುತ್ತೆ. ಜಾಗಕ್ಕೇನು ರಿಪೇರಿ? ನಾನು ಆ ನೂರಕ್ಕೊಂದರ ಲೆಕ್ಕಾನೇ ಬಿಟ್ಟು, ಹಿಂದಿನ ಎರಡು ವರ್ಷದ ರಿಪೇರಿ ಖರ್ಚೆಲ್ಲ ನೋಟ್‌ಬುಕ್ಕಲ್ಲಿ ಕೂಡಿಸಿ 24ರಿಂದ ಭಾಗಿಸಿದೆ. ಅಷ್ಟು ದುಡ್ಡು ತಿಂಗಳು ತಿಂಗಳು ಬೇರೆ ಖಾತೆಗೆ ಹೋಗುತ್ತೆ, ಏನೂ ಕೆಡದ ತಿಂಗಳೂ ಹೋಗುತ್ತೆ. ಖರ್ಚೇನೂ ಕಮ್ಮಿ ಆಗಿಲ್ಲ ಪುಟ್ಟಿ. ಆದ್ರೆ ಮೋಟಾರ್ ಸುಟ್ಟೋದಾಗ ಮನೇಲಿ ಜಗಳ ಆಗಲ್ಲ, ಅದೇ ದೊಡ್ಡದು.

ನಾನೇನು ಜಾಣೆ ಅಂದ್ಕೋಬೇಡ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋದು ಮರೆತು ಮರೆತು, ಪ್ಲೇಟ್‌ಗಳು ನೀರಿಂದ ಮೇಲೆದ್ದು, ಬ್ಯಾಟರಿನೇ ಕೈಕೊಡ್ತು. ಒಂದು ಕ್ಯಾನ್ ನೀರಿನ ಸೋಮಾರಿತನಕ್ಕೆ ಹೊಸ ಬ್ಯಾಟರಿ. ಈಗ ರಿಪೇರಿಯೋರಿಗೆ ಕಾಯ್ತಿದ್ದೀನಲ್ಲ, ಆ ಗೀಸರ್‌ದೂ ಅದೇ ಕಥೆ. ಅದರೊಳಗೆ ಮೆಗ್ನೀಸಿಯಂ ರಾಡ್ ಒಂದಿರುತ್ತೆ. ಟ್ಯಾಂಕನ್ನ ತಿನ್ನೋ ಬದಲು ನೀರು ಅದನ್ನ ತಿನ್ಲಿ ಅಂತಾನೇ ಇಟ್ಟಿರ್ತಾರೆ. ಅದು ಸವೆದು ಮುಗಿದ್ಮೇಲೆ ಟ್ಯಾಂಕಿನ ಸರದಿ. ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಬಿಚ್ಚಿ ನೋಡ್ಸಿದ್ನಾ? ಇಲ್ಲ.

ಆದ್ರೆ ನಿನ್ನನ್ನ ತಿಂತಿರೋದು ದುಡ್ಡಲ್ಲ ಅಂತ ನಂಗನ್ಸುತ್ತೆ. ನಲ್ಲಿ ತೊಟ್ಟಿಕ್ಕೋದು ಕಿವಿಗೆ ಬೀಳೋದು ನಿಂಗೆ, ಫೋನ್ ಮಾಡೋದು ನೀನು, "ಇವತ್ತು ಬರಕ್ಕಾಗಲ್ಲ ಮೇಡಂ" ಅನ್ನಿಸ್ಕೊಳ್ಳೋದು ನೀನು, ರಜೆ ಹಾಕಿ ಕಾಯೋದು ನೀನು. ದುಡ್ಡು ಕೊಟ್ಟೋರು "ಆಯ್ತಲ್ಲ" ಅಂತಾರೆ. ನಿಮ್ಮನೆಯವ್ರು ಈ ಗ್ರೂಪಲ್ಲೇ ಇದ್ದಾರೆ, ಕೇಳಿಸ್ಕೊಳ್ಳಲಿ. ಕರೆಂಟು, ಮೋಟಾರು, ಬ್ಯಾಟರಿ ಅವರ ಪಾಲಿಗೆ ಹಾಕು. ಹಾಕಿದ್ಮೇಲೆ "ಫೋನ್ ಮಾಡಿದ್ರಾ" ಅಂತ ಕೇಳ್ಬೇಡ, ಕೇಳಿದ್ರೆ ಮತ್ತೆ ನಿನ್ನ ತಲೆಗೇ ಬಂತು. ಒಂದಿನ ನೀರಿಲ್ದೆ ಇರಿ, ಪರವಾಗಿಲ್ಲ.

ಮತ್ತೆ ಉಪಯೋಗಿಸದೇ ಇರೋದನ್ನ ಮನೆಯಿಂದ ಸಾಗಹಾಕು. ಆ ಕಾರಂಜಿ ಇದ್ಯಲ್ಲ ಅಂಗಳದಲ್ಲಿ, ಅದಕ್ಕೊಂದು ಪಂಪು, ಆ ಪಂಪಿಗೊಂದು ರಿಪೇರಿ... ಯಾಕೆ ಬೇಕು ಹೇಳು? ಮಣ್ಣು ತುಂಬ್ಸಿ ಒಂದು ಗಿಡ ನೆಡು.

ಮಾರೋದು ಬಿಡೋದು ಆಮೇಲೆ ಮಾತಾಡೋಣ, ಬೇಡ ಅಂತ ನಾನು ಹಟ ಮಾಡಲ್ಲ. ಮೊದಲು ಟೆರೇಸ್ ತೂತು ನೋಡಿ ಫೋಟೋ ಹಾಕು. ತಾಳು, ಬೆಲ್ ಆಯ್ತು... ಹಾಂ, ಗೀಸರ್‌ನೋರೇ. ಇಡ್ತೀನಿ.