ಪ್ರಶ್ನೋತ್ತರ: ಆಟಿಯ ಸೊಪ್ಪು ಹುಡುಕಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಸದಸ್ಯೆ):

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಬೆಂಗಳೂರಿನಲ್ಲಿದ್ದು ಈ ಬೇಸಿಗೆಯಲ್ಲಿ ಊರಿಗೆ ಬಂದೆವು. ಈಗ ಅಂಗಳದಿಂದ ಗುಡ್ಡೆಯವರೆಗೆ ಎಲ್ಲಾ ಹಸಿರು. ಅಜ್ಜಿ ಇದ್ದಾಗ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ದಿನಕ್ಕೊಂದು ಸೊಪ್ಪು ಕೊಯ್ದು ತರುತ್ತಿದ್ದರು. ತಂಬುಳಿ, ಪಲ್ಯ, ಪತ್ರೊಡೆಯ ರುಚಿ ನೆನಪಿದೆ. ಗಿಡ ಮಾತ್ರ ನೆನಪಿಲ್ಲ. ಗಿಡ ಗುರುತಿಸುವ ಒಂದು ಆ್ಯಪ್ ಹಾಕಿಕೊಂಡಿದ್ದೇನೆ. ಆರು ವರ್ಷದ ಮಗಳಿದ್ದಾಳೆ, ಹಾಗಾಗಿ ಹೆದರಿಕೆಯೂ ಇದೆ. ಯಾವ ಗಿಡದಿಂದ ಶುರು ಮಾಡಲಿ?

ಉತ್ತರ (ಸಸ್ಯಶಾಸ್ತ್ರ ಅಧ್ಯಾಪಕಿ):

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಹೆದರಿಕೆ ಇರುವುದೂ ಒಳ್ಳೆಯದೇ, ಅದನ್ನು ಬಿಡಬೇಡಿ.

ಈ ಮಳೆಗಾಲಕ್ಕೆ ಎರಡೇ ಗಿಡ ಸಾಕು, ತಗಟೆ ಮತ್ತು ಒಂದೆಲಗ. ಎರಡೂ ನಿಮ್ಮ ಅಡುಗೆಮನೆಗೆ ಮೊದಲೇ ಬಂದು ಹೋದವು. ಹೊಸ ಗಿಡ ಹುಡುಕುವುದಕ್ಕಿಂತ ಅಜ್ಜಿ ತರುತ್ತಿದ್ದ ಗಿಡವನ್ನು ಮತ್ತೆ ಗುರುತಿಸುವುದು ಸುಲಭ. ರುಚಿ ಗೊತ್ತು, ಅಡುಗೆ ಗೊತ್ತು, ಕೇಳಲು ನೆರೆಮನೆಯಲ್ಲಿ ಹಿರಿಯರಿದ್ದಾರೆ.

ತಗಟೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ತಪ್ಪಾಗುವುದು ಅಲ್ಲೇ. ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಗರ, ಸಸ್ಯಶಾಸ್ತ್ರದಲ್ಲಿ ಸೆನ್ನಾ ತೋರಾ. ಅದರ ಪಕ್ಕದಲ್ಲೇ, ಅದೇ ದಾರಿ ಬದಿಯಲ್ಲಿ ಅದರ ಅಕ್ಕನ ಹಾಗೆ ಇನ್ನೊಂದು ಗಿಡ ಬೆಳೆಯುತ್ತದೆ, ಸೆನ್ನಾ ಆಕ್ಸಿಡೆಂಟಾಲಿಸ್. ಕೆಲವರು ದೊಡ್ಡ ತಗಟೆ ಎನ್ನುತ್ತಾರೆ. ಇದರ ಬೀಜ ಮಕ್ಕಳಿಗೆ ಅಪಾಯ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷ ವರ್ಷ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಒಂದು ಕಾಯಿಲೆಯನ್ನು ಮೊದಲು ಮೆದುಳಿನ ಸೋಂಕು ಎಂದೇ ತಿಳಿದಿದ್ದರು. ಆಮೇಲೆ ಗೊತ್ತಾಯಿತು, ಮಕ್ಕಳು ಆಡುತ್ತಾ ಈ ಗಿಡದ ಬೀಜ ತಿಂದಿದ್ದರು. ಲಿವರ್, ಸ್ನಾಯು, ಮೆದುಳು ಮೂರಕ್ಕೂ ಪೆಟ್ಟು.

ಹೂ ಎರಡರದ್ದೂ ಹಳದಿ, ಹಾಗಾಗಿ ಹೂ ನೋಡಿ ಪ್ರಯೋಜನವಿಲ್ಲ. ಎಲೆ ನೋಡಿ. ತಗಟೆಯ ಒಂದು ಎಲೆದಂಟಿನಲ್ಲಿ ಸಾಮಾನ್ಯವಾಗಿ ಮೂರು ಜೊತೆ ಚಿಕ್ಕ ಎಲೆ. ತುದಿ ಉರುಟು, ಬುಡಕ್ಕಿಂತ ತುದಿಯೇ ಅಗಲ. ದೊಡ್ಡ ತಗಟೆಯಲ್ಲಿ ನಾಲ್ಕೈದು ಜೊತೆ, ತುದಿ ಚೂಪು. ಎಳೆ ಗಿಡದಲ್ಲಿ ಅದಕ್ಕೂ ಮೂರೇ ಜೊತೆ ಇರಬಹುದು, ಆದ್ದರಿಂದ ಎಣಿಸಿ ನಿಲ್ಲಿಸಬೇಡಿ. ಎಲೆದಂಟಿನ ಮೇಲೆ ಸಣ್ಣ ಗುಬಟು, ಅಂದರೆ ಉಬ್ಬು, ಹುಡುಕಿ. ತಗಟೆಯಲ್ಲಿ ಅದು ಕೆಳಗಿನ ಜೊತೆ ಎಲೆಗಳ ನಡುವೆ ಇರುತ್ತದೆ. ದೊಡ್ಡ ತಗಟೆಯಲ್ಲಿ ದಂಟಿನ ಬುಡದಲ್ಲೇ ಒಂದು. ಭೂತಗನ್ನಡಿ ಇದ್ದರೆ ಮಗಳ ಕೈಗೆ ಕೊಡಿ, ಅವಳೇ ಬೇಗ ಹುಡುಕುತ್ತಾಳೆ.

ತಗಟೆಯದ್ದೂ ಎಳೆ ಎಲೆ ಮಾತ್ರ. ಬೀಜ ಬೇಡ. ಕೊಯ್ದು, ತೊಳೆದು, ಸಣ್ಣಗೆ ಹೆಚ್ಚಿ, ಹಲಸಿನ ಬೀಜ ಹಾಕಿ ಪಲ್ಯ ಮಾಡಿ. ಮೊದಲ ದಿನ ಎರಡು ಚಮಚ ಸಾಕು. ಇದು ಸೋನಾಮುಖಿಯ ಬಳಗದ ಗಿಡ, ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ.

ಒಂದೆಲಗ ಸುಲಭ. ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಕುಡಂಗಲ್ ಅಥವಾ ಮುತ್ತಿಳ್. ಅಂಗಡಿಯಲ್ಲಿ ಮಾತ್ರ ಬ್ರಾಹ್ಮಿ ಎಂದು ಕೇಳಬೇಡಿ. ನೀರುಬ್ರಾಹ್ಮಿ ಎನ್ನುವುದು ಬೇರೆಯೇ ಗಿಡ, ಅದರ ಎಲೆ ಚಿಕ್ಕದು, ದಪ್ಪ. ನಮ್ಮ ಗಡಿನಾಡಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಒಂದೇ ಬೇಲಿಯ ಎರಡು ಬದಿಯಲ್ಲಿ ಇರುತ್ತವೆ. ಒಂದು ಗಿಡಕ್ಕೆ ನಾಲ್ಕು ಹೆಸರು, ಒಂದು ಹೆಸರಿಗೆ ಎರಡು ಗಿಡ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಯಾವ ಹೆಸರು ಹೇಳಿದರು ಎಂದು ಬರೆದು, ಪಕ್ಕದಲ್ಲಿ ಸಸ್ಯಶಾಸ್ತ್ರದ ಹೆಸರನ್ನೂ ಬರೆಯಿರಿ. ಗಿಡ ಹೂ ಬಿಟ್ಟಾಗ, ಕಾಯಿ ಬಿಟ್ಟಾಗ, ಒಣಗಿದಾಗ ಮತ್ತೆ ಹೋಗಿ ನೋಡಿ.

ಆ್ಯಪ್ ಹೆಸರು ಊಹಿಸಲು ಮಾತ್ರ. ಅದು ಹೇಳಿತೆಂದು ಬಾಯಿಗೆ ಹಾಕಬೇಡಿ.

ಎಲ್ಲಿ ಕೊಯ್ಯುತ್ತೀರಿ ಎನ್ನುವುದೂ ಮುಖ್ಯ. ಮಳೆ ಶುರುವಾಗುವ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡನೇ ಸಲ ಬಿಡುವುದು 40-45 ದಿನದ ನಂತರ, ಸರಿಯಾಗಿ ಆಟಿಯ ಹೊತ್ತಿಗೆ. ಆ ನೀಲಿ ನೀರು ಕೆಳಗಿನ ಒಂದೆಲಗದ ಮೇಲೆ, ಕೆಸುವಿನ ಮೇಲೆ ಇಳಿಯುತ್ತದೆ. ಅದಕ್ಕೇ ತೋಟದೊಳಗಿನ ಸೊಪ್ಪು ಬೇಡ. ಕಳೆನಾಶಕ ಹೊಡೆದ ರಬ್ಬರ್ ತೋಟವೂ ಬೇಡ, ರಸ್ತೆ ಬದಿಯ ಚರಂಡಿಯೂ ಬೇಡ. ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತೆಂದು ಎಣ್ಮಕಜೆಯ ಹತ್ತಿರವೇ ಇರುವ ನಿಮಗೆ ನಾನು ಹೇಳಬೇಕಿಲ್ಲ. ಅಂಗಳದ ಬದಿ, ಬಾವಿಕಟ್ಟೆಯ ಸುತ್ತ, ಮದ್ದು ಮುಟ್ಟದ ನಿಮ್ಮದೇ ಗುಡ್ಡೆ, ಅಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗಬೇಡಿ.

ಇನ್ನೊಬ್ಬರು: ಮೇಡಂ, ಕೆಸು ಯಾಕೆ ಮೊದಲ ಪಟ್ಟಿಯಲ್ಲಿ ಇಲ್ಲ? ಪತ್ರೊಡೆ ಇಲ್ಲದೆ ಆಟಿ ಹೇಗೆ?

ಉತ್ತರ: ಪತ್ರೊಡೆ ನನಗೂ ಪ್ರಾಣ. ಆದರೆ ಒಂದು ಸಲ ಅವಸರದಲ್ಲಿ ಹುಣಸೆ ಕಡಿಮೆ ಹಾಕಿ, ಅರ್ಧ ಬೆಂದದ್ದನ್ನೇ ತಿಂದು, ರಾತ್ರಿಯಿಡೀ ಗಂಟಲು ಹಿಡಿದುಕೊಂಡು ಕುಳಿತಿದ್ದೇನೆ. ಕೆಸುವಿನೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಚುಚ್ಚುವುದು ಅವೇ. ಹುಳಿ ಚೆನ್ನಾಗಿ ಬೇಕು, ಹಬೆಯಲ್ಲಿ ಒಂದು ಗಂಟೆಯಾದರೂ ಬೇಯಬೇಕು. ಕಿಡ್ನಿ ಕಲ್ಲು ಇರುವವರಿಗೆ ಬೇಡ. ಗುರುತು ಹೀಗೆ: ಕೆಸು ಮತ್ತು ಮರಕೆಸು ಎರಡರಲ್ಲೂ ದಂಟು ಎಲೆಯ ಅಂಚಿಗೆ ಸೇರುವುದಿಲ್ಲ, ಒಳಗೆ ಬಂದು ಸೇರುತ್ತದೆ, ಕೊಡೆಯ ಕಾಲಿನ ಹಾಗೆ. ಅಂಗಳದ ಚಂದದ ಬಣ್ಣದ ಎಲೆಗಳಲ್ಲೂ ಕೆಲವು ಹಾಗೇ ಇರುತ್ತವೆ. ನೆಟ್ಟದ್ದು ಯಾರು, ಏನೆಂದು ಗೊತ್ತಿಲ್ಲದಿದ್ದರೆ ಬಿಡಿ. ಮೊದಲ ವರ್ಷ ಕೆಸು ಗೊತ್ತಿದ್ದವರು ತಂದದ್ದನ್ನೇ ಅಡುಗೆ ಮಾಡಿ.

ಮತ್ತೊಬ್ಬರು: ಕಣಿಲೆ (ಎಳೆ ಬಿದಿರು)? ಅಣಬೆ?

ಉತ್ತರ: ಕಣಿಲೆಯಲ್ಲಿ ಸಯನೈಡ್ ಹೊರಡಿಸುವ ಅಂಶ ಇದೆ. ಹಿರಿಯರು ಸಣ್ಣಗೆ ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸುವುದು ಸುಮ್ನೆ ಅಲ್ಲ. ಆ ನೀರನ್ನು ದನಕ್ಕೂ ಕೊಡಬೇಡಿ. ಬೇಯಿಸುವಾಗ ಮುಚ್ಚಳ ತೆಗೆದಿಡಿ.

ಅಣಬೆ ಬೇಡ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಅರಿಶಿನ ಬಣ್ಣ ಬದಲಾಗುತ್ತದೆ, ಹುಳ ತಿಂದದ್ದು ಒಳ್ಳೆಯದು, ಈ ಯಾವ ಪರೀಕ್ಷೆಯೂ ನಿಜವಲ್ಲ. ಕೆಲವು ವಿಷದ ಅಣಬೆ ತಿಂದು ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ ಶುರುವಾಗುತ್ತದೆ. ನಡುವೆ ಒಂದು ದಿನ ಹುಷಾರಾದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ. ಯಾವುದೇ ಗಿಡವಾಗಲಿ, ತಿಂದು ಹೊಟ್ಟೆ ಕೆಟ್ಟರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಉಳಿದ ಗಿಡವನ್ನೂ ಅಡುಗೆಯನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಬಲವಂತವಾಗಿ ವಾಂತಿ ಮಾಡಿಸಬೇಡಿ.

ಕುಂಬಳೆಯ ಸದಸ್ಯರು: ಆಟಿ ಅಮಾವಾಸ್ಯೆ ಹತ್ತಿರ ಬಂತು. ಅವತ್ತು ಕಷಾಯ ಮಾಡಿ ಕುಡಿಯುವ ಹಾಲೆ ಮರದ ಕೆತ್ತೆ (ತೊಗಟೆ) ನಾನೇ ತರೋಣ ಅಂತ ಇದ್ದೇನೆ. ಗುರುತು ಹೇಳುತ್ತೀರಾ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಬೆಳಕು ಹರಿಯುವ ಮೊದಲು, ಕತ್ತಲಲ್ಲಿ, ಕಲ್ಲಿನಿಂದ ಜಜ್ಜಿ ತರುವ ಪದ್ಧತಿ ಅಲ್ವಾ? ಮರ ತಪ್ಪುವುದು ಆ ಕತ್ತಲಲ್ಲೇ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಹಗ್ಗ ಕಟ್ಟಿ ಬನ್ನಿ.

ಹಾಲೆ ಮರದಲ್ಲಿ ಒಂದೇ ಗಂಟಿನ ಸುತ್ತ ಐದು, ಏಳು ಎಲೆ, ಬಿಡಿಸಿದ ಕೊಡೆಯ ಹಾಗೆ. ಕೆತ್ತಿದರೆ ಬಿಳಿ ಹಾಲು. ಎರಡೂ ಗುರುತು ಸಿಗಬೇಕು, ಒಂದೇ ಸಾಲದು. ತಪ್ಪಿ ಕೆತ್ತಿಬಿಡುವ ವಿಷದ ಮರ ಕಾಸರಕ, ಅದರಲ್ಲಿ ಹಾಲು ಬರುವುದಿಲ್ಲ. ಎಲೆ ಎದುರು ಬದುರು ಎರಡೆರಡು, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತದೆ. ಅದರಲ್ಲಿ ಸ್ಟ್ರಿಕ್ನಿನ್ ವಿಷ ಇದೆ. ಕಾಸರಗೋಡಿಗೆ ಹೆಸರು ಬಂದದ್ದೇ ಈ ಮರದಿಂದ ಎನ್ನುತ್ತಾರೆ. 2023ರಲ್ಲಿ ಇದನ್ನೇ ನಮ್ಮ ಜಿಲ್ಲೆಯ ಮರ ಎಂದು ಘೋಷಿಸಿದರು. ಅಷ್ಟು ಹತ್ತಿರದಲ್ಲೇ ಇದೆ ಎಂದು ನೆನಪಿರಲಿ. ಹೊಳೆ ಬದಿಯಲ್ಲಿ ಮಲಯಾಳದವರು ಒತಳಂ ಎನ್ನುವ ಮರವಿದೆ, ಅದರಲ್ಲೂ ಬಿಳಿ ಹಾಲು ಬರುತ್ತದೆ, ಅದೂ ಕಡು ವಿಷ. ಅದರ ಎಲೆ ಗಂಟಿನ ಸುತ್ತ ಇರುವುದಿಲ್ಲ, ಒಂದೊಂದಾಗಿ ಸುತ್ತಿಕೊಂಡು ಮೇಲೇರುತ್ತದೆ. ಸ್ವಲ್ಪವೂ ಅನುಮಾನ ಇದ್ದರೆ ಈ ವರ್ಷ ಬಿಟ್ಟುಬಿಡಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಹೇಗೂ ಬೇಡ.

ಮೊದಲು ಕೇಳಿದವರು (ಮರುದಿನ): ಮೇಡಂ, ಬೆಳಿಗ್ಗೆ ಮಗಳ ಜೊತೆ ಹೋಗಿ ನೋಡಿದೆ. ಗೇಟಿನ ಹತ್ತಿರದ್ದು ಮೂರು ಜೊತೆ, ಉರುಟು ತುದಿ, ಗುಬಟು ಎಲೆಗಳ ನಡುವೆ. ಕೊಟ್ಟಿಗೆಯ ಹಿಂದಿನದು ನಾಲ್ಕು ಜೊತೆ, ಚೂಪು. ನಾನು ಕೊಯ್ಯಬೇಕು ಅಂತ ಇದ್ದದ್ದು ಕೊಟ್ಟಿಗೆಯ ಹಿಂದಿನದನ್ನೇ. ಎತ್ತರ ಇತ್ತು, ಸೊಪ್ಪು ಜಾಸ್ತಿ ಇತ್ತು.

ಉತ್ತರ: ಗೇಟಿನ ಹತ್ತಿರದ್ದು ತಗಟೆ. ಹಿಂದಿನದನ್ನು ಕಾಯಿ ಬಿಡುವ ಮೊದಲು ಬುಡ ಸಮೇತ ಕಿತ್ತುಬಿಡಿ, ಮಗಳು ಆಡುವ ಜಾಗ ಅಲ್ವಾ. ಒಂದು ಎಲೆ ಮಾತ್ರ ಒಣಗಿಸಿ ನೋಟ್‌ಬುಕ್‌ನಲ್ಲಿ ಅಂಟಿಸಿ, ತಗಟೆಯ ಎಲೆಯ ಪಕ್ಕದಲ್ಲೇ. ತಗಟೆ ಗಿಡಕ್ಕೆ ಕಾಯಿ ಬಂದಾಗ ಫೋಟೊ ಹಾಕಿ, ಗೇಣುದ್ದ, ತೆಳ್ಳಗೆ, ಕತ್ತಿಯ ಹಾಗೆ ಬಾಗಿರಬೇಕು. ನಾನು ನೋಡಿ ಹೇಳುತ್ತೇನೆ.